ಇರುವೆಗೆ ನೀರುಗಂಟಿ ಇಲ್ವಲ್ಲ! ಸಭೇಲಿ ಹತ್ ನಿಮ್ಷ ಮಾತಾಡ್ಬೇಕು, ಒಸಿ ದಾರಿ ತೋರ್ಸಿ

ವೈಂಡಿಂಗ್_ಅಂಗ್ಡಿ:
ಎಲ್ರಿಗೂ ನಮಸ್ಕಾರ. ನಮ್ದು ಮಂಡ್ಯ ತಾಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಮೋಟ್ರು ವೈಂಡಿಂಗ್ ಅಂಗ್ಡಿ ಇಟ್ಕೊಂಡಿವ್ನಿ, ಜೊತೆಗೆ ಅಪ್ಪನ ಒಂದೂವರೆ ಎಕ್ರೆ ಗದ್ದೆ. ಇನ್ನ ಮೂರು ಭಾನ್ವಾರ ಕಳುದ್ರೆ ನಮ್ ಚರ್ಚಿನ ಸಭೇಲಿ ಯೌವನಸ್ಥರ ಭಾನ್ವಾರ, ಪಾದ್ರಿ ಅಯ್ನೋರು ನನ್ನ ಕರ್ದು 'ಈ ಸಲ ಹತ್ ನಿಮ್ಷ ನೀನೇ ಮಾತಾಡಪ್ಪ, ಬೈಬಲ್ಲಿನ ಜ್ಞಾನೋಕ್ತಿ 6, ಇರುವೆ' ಅಂದ್ಬುಟ್ಟು ಸ್ಕೂಟ್ರು ಹತ್ಕಂಡು ಹೊಂಟೋದ್ರು. ನಂಗೆ ಸ್ಟಾರ್ಟ್ರು ರಿಪೇರಿ ಬತ್ತದೆ, ಪ್ರಸಂಗ ಬರಲ್ಲ.

ಮೊದ್ಲು ಸುಲ್ಬ ಅನ್ಕಂಡಿದ್ದೆ. ಸೋಮಾರಿ ಆದೋನು ಇರುವೆ ನೋಡಿ ಬುದ್ಧಿ ಕಲೀಬೇಕು, ಕೈ ಕೆಸರಾದ್ರೆ ಬಾಯಿ ಮೊಸರು, ಆಮೆನ್, ಮುಗೀತು. ಆದ್ರೆ ರಾತ್ರಿ ಕೂತ್ಕಂಡು ಓದ್ವಾಗ ಏಳ್ನೇ ವಚನದಲ್ಲಿ ಸಿಕ್ಕಾಕ್ಕಂಡೆ. ಅದುಕ್ಕೆ ನಾಯಕ ಇಲ್ಲ, ಅಧಿಕಾರಿ ಇಲ್ಲ, ಪ್ರಭು ಇಲ್ಲ ಅಂತ ಅದೆ, ಅಷ್ಟಾದ್ರೂ ಸುಗ್ಗೀಲಿ ತನ್ ಊಟ ತಾನೇ ಕೂಡಾಕತ್ತೆ ಅಂತ ಎಂಟ್ನೇದು. ಚಿಕ್ಕೋನಾಗಿದ್ದಾಗಿಂದ ಸಂಡೇ ಸ್ಕೂಲಲ್ಲಿ ಎಷ್ಟ್ ಸಲ ಬಾಯ್ಪಾಠ ಒಪ್ಸಿದೀನೋ, ಆ ಏಳ್ನೇದು ಕಣ್ಣಿಗೇ ಬಿದ್ದಿರ್ನಿಲ್ಲ. ಇರುವೆ ಜಾಸ್ತಿ ದುಡೀತದೆ ಅನ್ನೋದಲ್ಲ ಅಲ್ಲಿ ವಿಷ್ಯ, ಯಾರೂ ಹೇಳ್ದೆ ದುಡೀತದೆ ಅನ್ನೋದು. ಗದ್ದೆಗಳಿಗೆ ನೀರು ಹಂಚೋ ನೀರುಗಂಟಿ ಇಲ್ದಲೆ ನೀರು ಹಾಯ್ದಂಗೆ.

ಅಲ್ಲೇ ನಂಗೆ ಚುಚ್ಚಿದ್ದು. ಹೋದ್ ವರ್ಸ ಏನಾಯ್ತು ಅಂದ್ರೆ, ತೂಬಿಂದ ನಮ್ ಗದ್ದೆಗೆ ಬರೋ ಕಾಲ್ವೆ ಒಂದರ್ಧ ಮೈಲಿ ಅದೆ, ಹನ್ನೊಂದು ಮನೆಯವ್ರ ಗದ್ದೆ ಅದರ ಮೇಲೆ. ಜೊಂಡು ಎದೆಮಟ್ಟ ಬೆಳ್ದಿತ್ತು, ಹೂಳು, ಗೊಬ್ರದ ಚೀಲ, ಕುಡ್ದು ಬಿಸಾಕಿದ್ ಎಣ್ಣೆ ಪ್ಯಾಕೆಟ್ಟು. ನಾವೆಲ್ಲ ಏನ್ ಮಾಡ್ತಿದ್ದೋ ಅಂದ್ರೆ ದಿನಾ ಬೆಳಿಗ್ಗೆ ಟೀ ಅಂಗ್ಡೀಲಿ ಪೇಪರ್ ತಗ್ದು ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ನೀರು ಎಷ್ಟಡಿ ಆಯ್ತು ನೋಡದು, ತುಂಬೋ ಮಟ್ಟ 124.80 ಮುಟ್ತದಾ ಇಲ್ವಾ ಅಂತ ವಾದ ಮಾಡದು, ಎದ್ದೋಗದು. ಕಾಲ್ವೆ ಬಗ್ಗೆ ಕೇಳುದ್ರೆ 'ಮೇಲ್ಗಡೆಯೋರು ಮೊದ್ಲು ಮಾಡ್ಲಿ', ಮೇಲ್ಗಡೆಯೋರು 'ನಮ್ಗೆ ಹೆಂಗೂ ನೀರು ಬತ್ತದೆ, ಕೆಳಗಡೆಯೋರು ಮಾಡ್ಕಳ್ಳಿ'. ಬೋರ್ ನೀರಲ್ಲಿ ಒಟ್ಲು (ಭತ್ತದ ಸಸಿಮಡಿ) ಬಿಟ್ಟಿದ್ದೋ. ನಾಲೆಗೆ ನೀರು ಬಂತು, ನಮ್ ಗದ್ದೆಗೆ ಬರ್ನಿಲ್ಲ, ಜೊಂಡು ಮೇಲೇ ಹಿಡ್ಕಂಡ್ಬುಡ್ತು. ಪೈರು ಬಲ್ತು ಕಡ್ಡಿ ಆಗೋಯ್ತು. ನಮ್ಮಪ್ಪ ಏನೂ ಅನ್ನಲಿಲ್ಲ, ಒಂದಿನ ಬೆಳಿಗ್ಗೆ ಆ ಪೈರ ಕುಯ್ದು ಹಸುಗೆ ಹಾಕ್ತು ಅಷ್ಟೇಯ. ಬೈದಿದ್ರೆ ವಾಸಿಯಾಗಿತ್ತು.

ನಾನೂ ಹನ್ನೊಂದ್ರಲ್ಲಿ ಒಬ್ಬ ತಾನೆ, ನಾನ್ಯಾಕೆ ಗುದ್ಲಿ ಎತ್ಕಂಡು ಹೋಗ್ನಿಲ್ಲ? ಯಾರೂ ಹೇಳಿರ್ನಿಲ್ಲ, ಅದುಕ್ಕೇ. ಈ ಬಾಯಲ್ಲಿ ನಿಂತ್ಕಂಡು ಹುಡುಗ್ರಿಗೆ ಇರುವೆ ಪಾಠ ಹೆಂಗ್ ಹೇಳ್ಲಿ? ತಿಳ್ದೋರು ಬರೀರಿ.

ಕಬ್ಬಿನ್_ಗದ್ದೆ:
ಅಣ್ಣ ಅದೇ ಪುಸ್ತಕದಲ್ಲಿ ಇನ್ನೊಂದಿದ್ಯಲ್ಲ, ಸೋಮಾರಿ ಹೊರಗೆ ಸಿಂಹ ಇದೆ, ಬೀದೀಲಿ ಹೋದ್ರೆ ಸಾಯ್ತೀನಿ ಅಂತಾನೆ ಅಂತ. ನಮ್ ಮಂಡ್ಯದಲ್ಲಿ ಆ ನೆಪ ಹೇಳೋಹಂಗೇ ಇಲ್ಲ, ಕಬ್ಬಿನ ಗದ್ದೇಲಿ ನಿಜವಾಗ್ಲೂ ಚಿರತೆ ಇರ್ತದೆ 😂 ರಾತ್ರಿ ಕರೆಂಟ್ ಕೊಡ್ತಾರೆ, ನೀರು ಕಟ್ಟಕ್ಕೆ ಹೋಗ್ಬೇಕು, ಜ್ಞಾನೋಕ್ತಿ ಹೇಳಿದ ಸೊಲೊಮೋನ ರಾಜನ್ನ ಒಂದಿನ ಕಳ್ಸನ ಬನ್ನಿ

ವೈಂಡಿಂಗ್_ಅಂಗ್ಡಿ:
😂😂 ಇದುನ್ನ ಹೇಳೇ ಹೇಳ್ತೀನಿ

ಟೀಚರಮ್ಮ_ಯಾದವಗಿರಿ:
ತಮ್ಮಾ, ನಾನು ಮೈಸೂರಲ್ಲಿ 31 ವರ್ಷ ಮೇಷ್ಟ್ರಗಿರಿ ಮಾಡಿ ರಿಟೈರ್ ಆದವಳು. ಸಭೆಯವಳಲ್ಲ, ಆದರೆ ಕಲಿತದ್ದು ಮಿಷನ್ ಸ್ಕೂಲಿನಲ್ಲಿ, ಆ ಕಥೆಗಳೆಲ್ಲ ಬಾಯಲ್ಲಿವೆ. ನನ್ನ ಕೇಳಿದರೆ ಇರುವೆಗಿಂತ ರೂತಳ ಕಥೆ ಹೇಳು. ಗಂಡ ಸತ್ತ ಹೆಣ್ಣು, ಮೋವಾಬ್ ದೇಶದವಳು, ಅತ್ತೆ ನೊವೊಮಿ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ, ಕೈಯಲ್ಲಿ ಕಾಸಿಲ್ಲ. ಆಗ ಅತ್ತೆ ಹೋಗು ಅನ್ನಲಿಲ್ಲ ನೋಡು, ಸೊಸೆನೇ ಕೇಳುತ್ತಾಳೆ, ಹೊಲಕ್ಕೆ ಹೋಗಿ ತೆನೆ ಆಯ್ಕೊಂಡು ಬರ್ಲಾ ಅಂತ. ಅತ್ತೆ ಹೋಗಿ ಬಾ ಮಗಳೇ ಅಂತಾಳೆ, ಅಷ್ಟೇ. ಬೆಳಿಗ್ಗೆಯಿಂದ ಸಂಜೆವರೆಗೂ ಆಯ್ದು, ಅಲ್ಲೇ ಬಡಿದು, ಕಾಳು ಅಳೆದರೆ ಒಂದು ಏಫಾ ಜವೆಗೋದಿ. ಈಗಿನ ಲೆಕ್ಕದಲ್ಲಿ ಸುಮಾರು 22 ಲೀಟರು. ಬಿದ್ದಿದ್ದ ತೆನೆ ಆಯ್ದು ಅಷ್ಟು ಮಾಡೋದು ಅಂದ್ರೆ ಸೊಂಟ ಏನಾಗಿರಬೇಕು, ನೀನೇ ರೈತನ ಮಗ, ಗೊತ್ತಿರುತ್ತೆ.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ಆಯ್ದಕ್ಕಿ ಲಕ್ಕಮ್ಮ ನೆನಪಾಗ್ತಾಳೆ. ಕಲ್ಯಾಣದಲ್ಲಿ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರೋದು, ಅದರಲ್ಲೇ ದಾಸೋಹ. ಒಂದಿನ ದಿನಕ್ಕಿಂತ ಜಾಸ್ತಿ ತಂದ, ಅವಳು ಇಷ್ಟಕ್ಕಿ ಆಸೆ ನಿಮಗ್ಯಾಕೆ, ಎಲ್ಲಿಂದ ತಂದ್ರೋ ಅಲ್ಲೇ ಸುರಿದು ಬನ್ನಿ ಅಂದಳು. 'ಕಾಯಕವೇ ಕೈಲಾಸ' ಅಂತ ಎಲ್ಲರೂ ಬಸವಣ್ಣನ ಫೋಟೋ ಕೆಳಗೆ ಬರೆಸ್ತಾರೆ, ಆದ್ರೆ ಆ ಮಾತು ಇರೋದು ಈ ಮಾರಯ್ಯನ ವಚನದಲ್ಲಿ. ಇಬ್ಬರು ಹೆಂಗಸರ ಮನೆಯೂ ನಡೆದದ್ದು ಆಯ್ದು ತಂದದ್ದರಲ್ಲೇ. ಒಬ್ಬಳು ಕೇಳಿ ಹೊರಟಳು, ಇನ್ನೊಬ್ಬಳು ಸಾಕು ಅಂದಳು. ಎರಡನ್ನೂ ಮಾಡು ಅಂತ ಯಾರೂ ಹೇಳಿರಲಿಲ್ಲ.

ಗೊದ್ದದ_ಹಿಂದೆ:
ಮೈಸೂರು ಯೂನಿವರ್ಸಿಟಿ ಗಂಗೋತ್ರೀಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಮಾಡಿ ಈಗ ಸಂಬಂಧನೇ ಇಲ್ದಿರೋ ಕೆಲ್ಸ ಮಾಡ್ಕೊಂಡಿರೋ ಪ್ರಾಣಿ ನಾನು, ಇರುವೆ ಅಂದ್ರೆ ಬರೀದೆ ಇರಕ್ಕಾಗಲ್ಲ.

ಒಂದು, ನಾಯಕ ಇಲ್ಲ ಅನ್ನೋದು ಸೈನ್ಸ್ ಪ್ರಕಾರನೂ ಸರಿ. ರಾಣಿ ಇರುವೆ ಅಂತ ಹೆಸ್ರಿಗೆ, ಅವ್ಳು ಯಾರ್ಗೂ ಆರ್ಡರ್ ಮಾಡಲ್ಲ, ಕತ್ಲೆಲಿ ಕೂತು ಮೊಟ್ಟೆ ಇಡೋದೇ ಕೆಲ್ಸ. ಒಂದು ಇರುವೆ ಇನ್ನೊಂದರ ಮೀಸೆ ಮುಟ್ಟಿ, ಬಿಟ್ಟಿರೋ ವಾಸ್ನೆ ಹಿಡ್ದು, ಏನ್ ಮಾಡ್ಬೇಕು ಅಂತ ತಾನೇ ತಿಳ್ಕೊಳ್ಳತ್ತೆ. ಎರಡು, ಇರುವೆ ಕಾಳು ಕೂಡಿಡತ್ತಾ ಅಂತ ಯುರೋಪಿನ ಚಳಿದೇಶದ ಪಂಡಿತರಿಗೆ ಬಹಳ ಕಾಲ ಡೌಟು ಇತ್ತು, ಯಾಕಂದ್ರೆ ಅವ್ರ ಊರಿನ ಇರುವೆ ಕೂಡಿಡಲ್ಲ. ಇಸ್ರೇಲ್ ಕಡೆ ಕೂಡಿಡೋ ಜಾತಿ ಇದೆ, ನಮ್ ಕಡೆನೂ ಇದೆ. ಹೊಲದ ಬದೀಲಿ ಗೂಡಿನ ಬಾಯಿ ಸುತ್ತ ಹುಲ್ಲು ಬೀಜದ ಹೊಟ್ಟು ಉಂಗುರದ ಥರ ಬಿದ್ದಿರತ್ತಲ್ಲ, ಕಾಳು ಒಳಗೆ, ಹೊಟ್ಟು ಹೊರಗೆ, ತೂರಿ ಬಿಸಾಕಿದ್ದು ಅದು. ಹಾಗಾಗಿ ಬರ್ದೋನು ಕೂತು ನೋಡೇ ಬರ್ದಿದಾನೆ.

ಮೂರನೇದು ನಿಮ್ ಪ್ರಸಂಗ ಕೆಡ್ಸೋ ವಿಷ್ಯ, ಕ್ಷಮಿಸಿ. ಅಮೆರಿಕದ ಅರಿಜೋನಾ ಯೂನಿವರ್ಸಿಟಿಯವ್ರು ಒಂದು ಜಾತಿ ಇರುವೆಗಳಿಗೆ ಬಣ್ಣದ ಚುಕ್ಕೆ ಇಟ್ಟು ಒಂದೊಂದನ್ನೂ ಬೇರೆಬೇರೆಯಾಗಿ ಗಮನಿಸಿದ್ರು, 2017ರಲ್ಲಿ ಪಬ್ಲಿಷ್ ಆಯ್ತು. ಗೂಡಲ್ಲಿ ಸುಮಾರು 40 ಪರ್ಸೆಂಟ್ ಇರುವೆ ಸುಮ್ನೆ ನಿಂತಿರತ್ತೆ! ಅವ್ರು ಏನ್ ಮಾಡಿದ್ರು, ತುಂಬ ಓಡಾಡೋ 20 ಪರ್ಸೆಂಟ್ ಇರುವೆನ ತೆಗೆದ್ರು. ಒಂದು ವಾರದೊಳಗೆ ಆ ಸುಮ್ನೆ ನಿಂತಿದ್ದವುಗಳಲ್ಲೇ ಕೆಲವು ಎದ್ದು ಆ ಜಾಗ ತುಂಬಿದ್ವು. ಅಂದ್ರೆ ಸೋಮಾರಿ ಅನ್ಕೊಂಡಿದ್ದು ರಿಸರ್ವ್ ಪೊಲೀಸ್ ಇದ್ದಂಗೆ.

ರಾತ್ರಿಪಾಳಿ:
ಸೋಮಾರಿ ಸೋಮಾರಿ ಅಂತ ಪ್ರಸಂಗದಲ್ಲಿ ಕೇಳಿ ಕೇಳಿ ನಂಗೆ ಸಾಕಾಗಿದೆ, ಕೋಪ ಮಾಡ್ಕೋಬೇಡಿ. ನಾನು ನಂಜನಗೂಡು ಕಡೆ ಒಂದು ಫ್ಯಾಕ್ಟರೀಲಿ ಕಾಂಟ್ರಾಕ್ಟ್ ಲೇಬರ್, ಹೆಸ್ರು ಬೇಡ. ಹೋದ್ ವರ್ಷ ನಮ್ ಲೈನಲ್ಲಿ ಕನ್ವೇಯರ್ ಬೆಲ್ಟು ಒಂದ್ ಕಡೆಗೆ ಸರೀತಾ ಇತ್ತು, ರಾತ್ರಿ ಎರಡೂವರೆ, ಸೂಪರ್ವೈಸರ್ ನಿದ್ದೆ. ಹಿಂಗೇ ಬಿಟ್ರೆ ಬೆಲ್ಟ್ ಹರಿಯತ್ತೆ ಅಂತ ನಾನೇ ಮಿಷನ್ ನಿಲ್ಸಿ ಟೆನ್ಷನ್ ಬೋಲ್ಟ್ ಸರಿ ಮಾಡ್ದೆ, ಹನ್ನೆರಡು ನಿಮಿಷ. ಬೆಳಿಗ್ಗೆ ಏನ್ ಸಿಕ್ತು ಗೊತ್ತಾ, 'ನಿಂಗ್ಯಾರ್ ಹೇಳಿದ್ದು ಮುಟ್ಟು ಅಂತ?' ಮೂರು ದಿನ ಕೆಲ್ಸ ಇಲ್ಲ. ಅವತ್ತಿಂದ ನಾನು ಬೆಲ್ಟು ಹರೀಲಿ ಬೆಂಕಿ ಬೀಳ್ಲಿ ಫೋನ್ ಮಾಡಿ ಕಾಯ್ತೀನಿ.

ಬೈಬಲ್ಲಲ್ಲೇ ಇನ್ನೊಂದು ಕಥೆ ಇದೆ ಅದನ್ನ ಯಾರೂ ಯೌವನಸ್ಥರ ಭಾನುವಾರ ಹೇಳಲ್ಲ, ಮತ್ತಾಯ 20. ದ್ರಾಕ್ಷಿತೋಟದ ಯಜಮಾನ ಸಂಜೆ ಐದು ಗಂಟೆಗೆ ಸಂತೆಬೀದೀಲಿ ನಿಂತಿರೋರ್ನ ನೋಡಿ ಇಡೀ ದಿನ ಯಾಕೆ ಸುಮ್ನೆ ನಿಂತಿದೀರಾ ಅಂತಾನೆ, ಅವ್ರು ಯಾರೂ ನಮ್ಮನ್ನ ಕೆಲ್ಸಕ್ಕೆ ಕರೀಲಿಲ್ಲ ಅಂತಾರೆ. ಒಂದ್ ಗಂಟೆ ದುಡಿದ್ರೂ ಅವ್ರಿಗೆ ಇಡೀ ದಿನದ ಕೂಲಿ ಕೊಡ್ತಾನೆ. ಬೆಳಿಗ್ಗೆ ಆರಕ್ಕೆ ಮೈಸೂರಿನ ಯಾವ್ದಾದ್ರೂ ಸರ್ಕಲ್ಲಿಗೆ ಹೋಗಿ ನೋಡಿ, ಟಿಫನ್ ಕ್ಯಾರಿಯರ್ ಹಿಡ್ಕೊಂಡು, ಗಾರೆ ಕೆಲ್ಸದ ಕರಣೆ ಚೀಲದಲ್ಲಿ ಇಟ್ಕೊಂಡು ನಿಂತಿರ್ತಾರೆ. ಹತ್ತು ಗಂಟೆಗೂ ಅರ್ಧ ಜನ ಅಲ್ಲೇ. ಅವ್ರು ಸೋಮಾರಿಗಳಾ? ಮೇಲಿನವ್ರು ಹೇಳಿದ 40 ಪರ್ಸೆಂಟ್ ಇರುವೆ ಅವ್ರೇ.

ಟೀಚರಮ್ಮ_ಯಾದವಗಿರಿ:
ಸರಿಯಾಗಿ ಹೇಳಿದೆ ಕಂದಾ. ರೂತಳ ಕಥೆಯಲ್ಲೂ ನಾನು ಒಂದು ಬಿಟ್ಟಿದ್ದೆ. ಹೊಲದ ಅಂಚು ಪೂರ್ತಿ ಕುಯ್ಯಬಾರದು, ಬಿದ್ದ ತೆನೆ ಬಡವರಿಗೆ, ಪರದೇಶದವರಿಗೆ ಬಿಡಬೇಕು ಅಂತ ಯಾಜಕಕಾಂಡ 19ರಲ್ಲಿ ಕಟ್ಟಳೆ ಇದೆ. ಆ ಕಟ್ಟಳೆ ಇದ್ದದ್ದಕ್ಕೇ ಅವಳ ಧೈರ್ಯಕ್ಕೆ ಬೆಲೆ ಬಂತು. ಆ ಹೊಲದ ಯಜಮಾನ ಬೋವಜ ಬೇರೆ ತನ್ನ ಆಳುಗಳಿಗೆ ಸಿವುಡಿನಿಂದ ಬೇಕಂತಲೇ ಒಂದಷ್ಟು ತೆನೆ ಎಳೆದು ಬಿಡ್ರೋ, ಗದರಿಸಬೇಡ್ರೋ ಅಂತ ಹೇಳಿಟ್ಟಿದ್ದ. 'ನಿಂಗ್ಯಾರ್ ಹೇಳಿದ್ದು' ಅನ್ನೋ ಸೂಪರ್ವೈಸರ್ ಅಲ್ಲಿದ್ದಿದ್ರೆ ಅವಳು ಬರಿ ಸೆರಗಲ್ಲೇ ಮನೆಗೆ ಬರ್ತಿದ್ದಳು.

ದಿನಕ್ಕೊಂದು_ವಚನ:
ಕೆಲಸ ಮಾಡದವನು ಊಟ ಮಾಡಬಾರದು! 2 ಥೆಸಲೋನಿಕ 3:10! ಇಷ್ಟೇ ಸಾಕು, ಚರ್ಚೆ ಯಾಕೆ 🙏🙏

ರಾತ್ರಿಪಾಳಿ:
ವಚನ ಪೂರ್ತಿ ಓದಿ ಸಾರ್. 'ಮಾಡದವನು' ಅಲ್ಲ, ಮಾಡಕ್ಕೆ 'ಮನಸ್ಸಿಲ್ಲದವನು'. ಕೆಲ್ಸ ಸಿಗ್ದೇ ಇರೋನಿಗೂ ಮನಸ್ಸಿಲ್ದೆ ಇರೋನಿಗೂ ವ್ಯತ್ಯಾಸ ಇಲ್ವಾ. ಬರ್ದ ಪೌಲನೇ ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲ ಜೊತೆ ಗುಡಾರ ಹೊಲಿಯೋ ಕೆಲ್ಸ ಮಾಡ್ತಿದ್ದ, ಅವ್ನ ಬಾಯಲ್ಲಿ ಆ ಮಾತು ಒಪ್ಪತ್ತೆ.

ಸೈಟ್_ಇಂಜಿನಿಯರ್_ಬನ್ನಿಮಂಟಪ:
ವೈಂಡಿಂಗ್ ಬ್ರದರ್, ನಿಮ್ ಕಾಲ್ವೆ ಕಥೆ ಓದ್ತಿದ್ದಂಗೆ ನಂಗೆ ಹೊಳೆದಿದ್ದು ನೆಹೆಮೀಯ. ನಾನು ಕ್ಯಾಥೊಲಿಕ್, ಚಿಕ್ಕಂದಿನಿಂದ ಅಶೋಕಾ ರೋಡಿನ ಫಿಲೋಮಿನಾ ಚರ್ಚಿಗೆ ಹೋಗಿದ್ದು, ಆದ್ರೆ ಈ ಪುಸ್ತಕ ನಿಜವಾಗ್ಲೂ ಅರ್ಥ ಆಗಿದ್ದು ಸೈಟಲ್ಲಿ ಗಾರೆಯವ್ರ ಜೊತೆ ಒದ್ದಾಡಕ್ಕೆ ಶುರು ಮಾಡಿದ್ಮೇಲೆ. ಯಾಕಂದ್ರೆ ಅದು ಪಕ್ಕಾ ಸೈಟ್ ಡೈರಿ.

ನೆಹೆಮೀಯ ಪರ್ಷಿಯಾ ರಾಜನಿಗೆ ದ್ರಾಕ್ಷಾರಸ ಕೊಡೋ ಪಾನಸೇವಕ, ಶೂಷನ್ ಅರಮನೇಲಿ ಆರಾಮಾಗಿದ್ದೋನು. ಊರಿನ ಗೋಡೆ ಬಿದ್ದು ಬಾಗ್ಲು ಸುಟ್ಟೋಗಿದೆ ಅಂತ ಕೇಳಿ ರಾಜನ್ನ ರಜ ಕೇಳ್ತಾನೆ, ಮರ ಕೊಡ್ಸಕ್ಕೆ ಪತ್ರನೂ ಕೇಳ್ತಾನೆ. ಯೆರೂಸಲೇಮಿಗೆ ಬಂದು ಮೂರು ದಿನ ಸುಮ್ನಿದ್ದು ಒಂದ್ ರಾತ್ರಿ ಎದ್ದು ಕೆಲವೇ ಜನ ಜೊತೆಗಿಟ್ಕೊಂಡು ಗೋಡೆ ಸುತ್ತ ನೋಡ್ಕೊಂಡು ಬರ್ತಾನೆ, ಯಾರ್ಗೂ ಹೇಳಿರಲ್ಲ. ಒಂದ್ ಕಡೆ ಕಲ್ಲು ಮಣ್ಣು ಎಷ್ಟು ಬಿದ್ದಿತ್ತು ಅಂದ್ರೆ ಕೂತಿದ್ದ ಪ್ರಾಣಿಗೆ ದಾರಿನೇ ಇರ್ಲಿಲ್ಲ. ಭಾಷಣ ಆಮೇಲೆ, ಫಸ್ಟು ಸರ್ವೆ. ನಮ್ಮಲ್ಲಿ ಉಲ್ಟಾ, ಮೊದ್ಲು ಗುದ್ದಲಿ ಪೂಜೆ ಫೋಟೋ.

ಆಮೇಲೆ ಮೂರನೇ ಅಧ್ಯಾಯ. ಎಲ್ರೂ ಅದನ್ನ ಹೆಸ್ರುಗಳ ಪಟ್ಟಿ ಅಂತ ಹಾರಿಸ್ಬಿಡ್ತಾರೆ. ದಯವಿಟ್ಟು ಹಾರಿಸ್ಬೇಡಿ, ಅದ್ರಲ್ಲೇ ನಿಮ್ ಹತ್ತು ನಿಮ್ಷ ಇರೋದು. ಇವ್ನು ಅಲ್ಲಿಂದ ಇಲ್ಲಿತನಕ ಕಟ್ಟಿದ, ಅವ್ನ ಪಕ್ಕದಲ್ಲಿ ಇನ್ನೊಬ್ಬ ಕಟ್ಟಿದ, ಅಂತ ಉದ್ದಕ್ಕೂ. ಮತ್ತೆ ಮತ್ತೆ ಬರೋದು ಒಂದೇ, 'ತನ್ನ ಮನೆಗೆ ಎದುರಾಗಿ'. ಅವನವನು ಅವನವನ ಮನೆ ಮುಂದಿನ ಗೋಡೆ! ಅಕ್ಕಸಾಲಿಗ ಕಟ್ಟಿದಾನೆ, ಸುಗಂಧ ಮಾಡೋನು ಕಟ್ಟಿದಾನೆ, ಶಲ್ಲೂಮ ಅನ್ನೋನು ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದಾನೆ. ಇವ್ರು ಯಾರೂ ಗಾರೆಯವ್ರಲ್ಲ. ನಿಮ್ಮಲ್ಲಿ ಹನ್ನೊಂದು ಮನೆ ಅಂದ್ರಲ್ಲ, ಅರ್ಧ ಮೈಲಿ ಭಾಗ ಮಾಡಿದ್ರೆ ತಲೆಗೆ ಎಪ್ಪತ್ತು ಎಪ್ಪತ್ತೈದು ಮೀಟರ್ ಬರತ್ತೆ. ಎಪ್ಪತ್ತೈದು ಮೀಟರ್ ಯಾರ್ ಬೇಕಾದ್ರೂ ಕೆರೀಬೋದು.

ಇನ್ನೊಂದು, ಎಲ್ರೂ ಬರಲ್ಲ ಅನ್ನೋದನ್ನೂ ಬರೆದಿಟ್ಟಿದಾನೆ ಪುಣ್ಯಾತ್ಮ. ತೆಕೋವ ಅನ್ನೋ ಊರಿನವ್ರು ಕಟ್ಟಿದ್ರು, ಆದ್ರೆ ಅವ್ರ ಶ್ರೀಮಂತರು ಹೆಗಲು ಕೊಡ್ಲಿಲ್ಲ ಅಂತ ಒಂದೇ ಸಾಲು. ಬೈದಿಲ್ಲ, ಕಾದಿಲ್ಲ, ಹೆಸ್ರು ದಾಖಲ್ ಮಾಡಿ ಮುಂದಕ್ಕೆ ಹೋಗಿದಾನೆ. ಟೋಬೀಯ ಅನ್ನೋನು ಈ ಗೋಡೆ ಮೇಲೆ ನರಿ ಹತ್ತಿದ್ರೂ ಬೀಳತ್ತೆ ಅಂತ ಆಡ್ಕೊಂಡ. ಮಧ್ಯದಲ್ಲಿ ಕೆಲ್ಸದವ್ರೇ ಹೊರೋರಿಗೆ ಶಕ್ತಿ ಇಲ್ಲ, ಕಸ ಜಾಸ್ತಿ ಇದೆ ಅಂತ ಕೈಚೆಲ್ಲಿದ್ರು. ಅಷ್ಟಾದ್ರೂ 52 ದಿನಕ್ಕೆ ಮುಗೀತು. ನಮ್ ಕಾಂಟ್ರಾಕ್ಟ್ರು ಕಾಂಪೌಂಡ್ ಗೋಡೆಗೇ ನಾಲ್ಕು ತಿಂಗ್ಳು ತಗೊಂಡಿದಾರೆ, ಅದು ಬೇರೆ ಮಾತು.

ಕಬ್ಬಿನ್_ಗದ್ದೆ:
ಸಾರ್ ನೀವು ಇಂಜಿನಿಯರೋ ಅಯ್ನೋರೋ

ಕೋಡ್ಬಳೆ_ಮಗ:
ನಮ್ ಸಭೇಲಿ ಸುಗ್ಗಿ ಹಬ್ಬಕ್ಕೆ ಮುಂಚೆ ತಲಾಂತು ಅಂತ ಹೇಳಿ ಪ್ರತಿ ಮನೆಗೂ ನೂರು ರೂಪಾಯಿ ಕೊಡೋರು, ಬೆಳ್ಸಿ ವಾಪಸ್ ತರ್ಬೇಕು. ನಮ್ಮಮ್ಮ ಅಕ್ಕಿಹಿಟ್ಟು ತಂದು ಕೋಡ್ಬಳೆ ಸುಟ್ಟು, ಅದರಲ್ಲಿ ಬಂದಿದ್ದು ಮತ್ತೆ ಹಿಟ್ಟಿಗೆ ಹಾಕಿ, 740 ಮಾಡಿದ್ಲು. ನಂಗೆ ಬೇರೆ ಕೊಟ್ಟಿದ್ರು, ನಾನು ಆ ನೋಟನ್ನ ಬೈಬಲ್ ಒಳಗೇ ಮಡಚಿಟ್ಟು ಮರ್ತಿದ್ದೆ. ಯೇಸು ಹೇಳಿದ ತಲಾಂತಿನ ಕಥೇಲಿ ಯಜಮಾನ ಕೊಟ್ಟ ದುಡ್ಡನ್ನ ಬೆಳೆಸ್ದೆ ಮೂರನೇ ಆಳು ಮಣ್ಣಲ್ಲಿ ಹೂತಿಟ್ಟ, ನಾನು ದೇವ್ರ ವಾಕ್ಯದಲ್ಲೇ ಹೂತಿಟ್ಟೆ. ಅಮ್ಮ ಇವತ್ತಿಗೂ ಬಿಟ್ಟಿಲ್ಲ ಅದನ್ನ.

ಗೊದ್ದದ_ಹಿಂದೆ:
ಆದ್ರೆ ಆ ಮೂರನೇ ಆಳಿನ ಮೇಲೆ ನಂಗೆ ಸ್ವಲ್ಪ ಕನಿಕರ ಇದೆ. ಒಂದೇ ತಲಾಂತು ಅಂತೀವಿ, ಒಬ್ಬ ಕೂಲಿಯವನ ಸುಮಾರು 20 ವರ್ಷದ ದುಡಿಮೆ ಅದು. ಅಷ್ಟು ದುಡ್ಡು ಕೈಗೆ ಕೊಟ್ರೆ ಯಾರ್ಗಾದ್ರೂ ಕೈ ನಡುಗತ್ತೆ. ಅವ್ನೂ ಹೆದರಿಕೆ ಆಯ್ತು ಅಂತಾನೇ ಹೇಳೋದು.

ಮಳವಳ್ಳಿಯವ್ನು:
ಬೈಬಲ್ ನಂಗೆ ಗೊತ್ತಿಲ್ಲ ಕಣಣ್ಣ, ಆದ್ರೆ ಯಾರೂ ಹೇಳ್ದೆ ಮಾಡದು ಅಂದ್ರೆ ನಮ್ ತಾಲೂಕು ದಾಸನದೊಡ್ಡಿ ಕಾಮೇಗೌಡ್ರು. ಕುರಿ ಕಾಯೋರು. ಬೆಟ್ಟದ ಮೇಲೆ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ ಕುರಿ ಮಾರಿ ಗುದ್ಲಿ ಸನ್ಕೆ ತಗಂಡು ಹತ್ತಕ್ಕೂ ಹೆಚ್ಚು ಕಟ್ಟೆ ತೋಡುದ್ರು, ಒಂದಕ್ಕೊಂದು ನೀರು ಹರ್ಯಂಗೆ. ಗಿಡನೂ ಹಾಕುದ್ರು. 2020ರಲ್ಲಿ ಪ್ರಧಾನಿ ರೇಡಿಯೋಲಿ ಹೆಸ್ರು ಹೇಳುದ್ಮೇಲೆ ಎಲ್ರೂ ಕಾರ್ ಮಾಡ್ಕಂಡು ನೋಡಕ್ಕೆ ಬಂದ್ರು. ಅಲ್ಲಿಗಂಟ ಹುಚ್ಚ ಅಂತಿದ್ದೋರೂ ಇದ್ರು. 2022ರಲ್ಲಿ ಹೋಗ್ಬುಟ್ರು. ನಮ್ಮಪ್ಪ ಒಂದ್ಸಲ ಮಾತಾಡ್ಸಿತ್ತಂತೆ, ಆಳು ನೋಡಕ್ಕೆ ಸಣ್ಣಕೆ ಇದ್ರಂತೆ, ಕೈ ಮಾತ್ರ ಮರದ ಬೇರು ಇದ್ದಂಗೆ ಇತ್ತಂತೆ.

ವೈಂಡಿಂಗ್_ಅಂಗ್ಡಿ:
ಎಲ್ರಿಗೂ ಥ್ಯಾಂಕ್ಸು. ನಾಕ್ ದಿನ ಬರೀನಿಲ್ಲ, ಯಾಕೆ ಅಂದ್ರೆ ಇಂಜಿನಿಯರ್ ಸಾರ್ ಬರ್ದಿದ್ದು ಓದಿ ಮಾರ್ನೇ ದಿನ ಬೆಳಿಗ್ಗೆ ಐದೂವರೆಗೇ ಗುದ್ಲಿ ಎತ್ಕಂಡು ಹೋದೆ. ಮಾತಾಡಕ್ಕಿಂತ ಮುಂಚೆ ನಮ್ ಗದ್ದೆ ಮುಂದ್ಲು ತುಂಡಾದ್ರೂ ಮಾಡಣ ಅಂತ.

ಸುಳ್ಳು ಯಾಕೆ ಹೇಳ್ಲಿ, ಮೊದ್ಲು ದಿನ ನಾಚ್ಕೆ ಆಯ್ತು. ಜೊಂಡಿನ ಬುಡ ಕೈಯಲ್ಲಿ ಹಿಡ್ದು ಎಳುದ್ರೆ ಬರಲ್ಲ, ಕುಡ್ಲಲ್ಲಿ ಕುಯ್ದು ಆಮೇಲೆ ಬೇರು ಅಗೀಬೇಕು, ಒಂದೊಂದು ಬುಡನೂ ಕಡಸಿನ ತಲೆ ಗಾತ್ರ, ಅದ್ರೊಳಗೆ ಕಪ್ಪು ನೀರು, ಗಬ್ಬು ವಾಸ್ನೆ. ಎಂಟು ಗಂಟೆಗೆ ಹದ್ನೈದು ಗಜ ಆಗಿತ್ತು ಅಷ್ಟೇಯ. ಅಂಗೈ ಬೊಬ್ಬೆ. ವೈಂಡಿಂಗ್ ತಂತಿ ಸುತ್ತೋ ಕೈ ಕಣ್ರಪ್ಪ, ಗುದ್ಲಿ ಮುಟ್ಟಿ ಎಷ್ಟ್ ವರ್ಸ ಆಗಿತ್ತೋ. ದಾರೀಲಿ ಹಾಲಿನ ಕ್ಯಾನ್ ತಗಂಡು ಡೈರಿಗೆ ಹೋಗೋರು ನಿಂತು ಕೇಳಿದ್ದು ಏನ್ಗೊತ್ತಾ? 'ಯಾರ್ಲಾ ಹೇಳಿದ್ದು ನಿಂಗೆ? ಬಿಲ್ ಆಗ್ತದಾ?' ರಾತ್ರಿಪಾಳಿ ಅಣ್ಣ, ನಿಮ್ದೇ ನೆನಪಾಯ್ತು. ಕೆಲ್ಸ ಮಾಡೋನ್ನ ನೋಡುದ್ರೆ ನಮ್ ಜನಕ್ಕೆ ಮೊದ್ಲು ಬರೋ ಅನ್ಮಾನನೇ ಅದು, ಇವ್ನಿಗೆ ಯಾರೋ ಕಾಸು ಕೊಟ್ಟವ್ರೆ ಅಂತ.

ಎಲ್ಡ್ನೇ ದಿನನೂ ಒಬ್ನೇ. ಮೂರ್ನೇ ದಿನ ನಮ್ಮಪ್ಪ ಬಂತು, ಮಾತಿಲ್ಲ ಕತೆಯಿಲ್ಲ, ಮಂಕ್ರಿ ತಗಂಡು ನಾನು ಅಗ್ದಿದ್ನೆಲ್ಲ ಬದಕ್ಕೆ ಹಾಕ್ತು. ನಾಕ್ನೇ ದಿನಕ್ಕೆ ಮೇಲ್ಗಡೆ ಗದ್ದೆಯೋರು ಒಬ್ರು, ಆಡ್ಕಂತಿದ್ದೋರೇ, ಬಂದು ಅವ್ರ ಗದ್ದೆ ಮುಂದೆ ಕುಡ್ಲು ಹಾಕುದ್ರು. ನಾನು ಕರ್ದೇ ಇರ್ನಿಲ್ಲ. ಇದುನ್ನ ಕಂಡು ಇರುವೆ ಸಾರ್ ಏನಂತಾರೆ?

ಗೊದ್ದದ_ಹಿಂದೆ:
ಮೀಸೆ ತಾಗಿದೆ ಅಂತೀನಿ 😀

ಟೀಚರಮ್ಮ_ಯಾದವಗಿರಿ:
ಬೊಬ್ಬೆಗೆ ಕೊಬ್ಬರಿ ಎಣ್ಣೆ ಹಚ್ಚು, ಒಡೆಯಬೇಡ. ಗ್ಲೌಸ್ ಹಾಕ್ಕೊಳ್ಳಪ್ಪ, ಆ ನೀರಲ್ಲಿ ಏನಿರುತ್ತೋ.

ರಾತ್ರಿಪಾಳಿ:
ಖುಷಿ ಆಯ್ತು. ಆದ್ರೆ ಒಂದ್ ಮಾತು, ಇದು ನಿಮ್ದೇ ಗದ್ದೆ, ನಿಮ್ದೇ ಕಾಲ್ವೆ, ನೀವು ಗುದ್ಲಿ ಎತ್ತಿದ್ರೆ ತಡೆಯೋರಿಲ್ಲ. ನಮ್ ಬೆಲ್ಟು ನಮ್ದಲ್ಲ. ಸಭೇಲಿ ನನ್ನಂಥೋರೂ ನಾಲ್ಕು ಜನ ಕೂತಿರ್ತಾರೆ ಹಿಂದ್ಗಡೆ ಬೆಂಚಲ್ಲಿ, ಅವ್ರಿಗೂ ಒಂದ್ ಮಾತು ಇಟ್ಕೊಳ್ಳಿ.

ಸೈಟ್_ಇಂಜಿನಿಯರ್_ಬನ್ನಿಮಂಟಪ:
ಇದಕ್ಕೂ ನೆಹೆಮೀಯನೇ ಇದಾನೆ. 5ನೇ ಅಧ್ಯಾಯ ನೋಡಿ, ಗೋಡೆ ಕಟ್ತಾ ಇರೋ ಬಡವ್ರು ಹೊಲ ಮನೆ ಒತ್ತೆ ಇಟ್ಟಿದೀವಿ, ಮಕ್ಕಳು ಜೀತಕ್ಕೆ ಹೋಗ್ತಿದಾರೆ ಅಂತ ಕೂಗಾಡ್ತಾರೆ. ಅವ್ನು ಮೊದ್ಲು ಗೋಡೆ ಮುಗೀಲಿ ಅನ್ನಲಿಲ್ಲ, ಸಾಹುಕಾರರನ್ನ ಸಭೆ ಕರೆದು ಹೊಲ, ಬಡ್ಡಿ ವಾಪಸ್ ಕೊಡ್ಸಿದ. ತಾನು ಅಧಿಪತಿಯಾಗಿದ್ದ 12 ವರ್ಷನೂ ಅಧಿಪತಿ ಭತ್ಯೆ ಮುಟ್ಲಿಲ್ಲ ಅಂತ ಬರ್ಕೊಂಡಿದಾನೆ. ಆ ಸೂಪರ್ವೈಸರ್‌ಗೆ ಓದಕ್ಕೆ ಹೇಳಿ.

ಸುಮ್ನೆ_ಕೇಳ್ತೀನಿ:
ಇಷ್ಟೆಲ್ಲ ಆದ್ಮೇಲೂ ಒಂದು ಪ್ರಶ್ನೆ, ಇವ್ರು ಒಬ್ರೇ ಮಾಡ್ಬಿಟ್ರೆ ಉಳಿದೋರು ಮುಂದಿನ್ ವರ್ಷನೂ ಇವ್ರೇ ಮಾಡ್ಲಿ ಅಂತ ಕೂರಲ್ವಾ? ನಮ್ ಅಪಾರ್ಟ್ಮೆಂಟಲ್ಲಿ ಒಂದ್ಸಲ ಟ್ಯಾಂಕ್ ತೊಳ್ಸಿದ್ದೆ, ಈಗ ಟ್ಯಾಂಕ್ ಅಂದ್ರೆ ನಂಗೇ ಫೋನು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರ್ಕೊಂಡಂಗೆ.

ಕಬ್ಬಿನ್_ಗದ್ದೆ:
ಇದು ಮಾತ್ರ ಸತ್ಯ

ವೈಂಡಿಂಗ್_ಅಂಗ್ಡಿ:
ಕೂರ್ತಾರೆ, ಇಲ್ಲ ಅನ್ನಲ್ಲ. ಅದುಕ್ಕೇ ನಾನು ನಮ್ ಗದ್ದೆ ಮುಂದ್ಲು ತುಂಡು ಬಿಟ್ಟು ಒಂದ್ ಗಜನೂ ಮುಂದಕ್ಕೆ ಹೋಗ್ನಿಲ್ಲ. ತನ್ ಮನೆಗೆ ಎದುರಾಗಿ ಅಂತ ಅದೆಯಲ್ಲ, ಪಕ್ಕದ್ಮನೆಗೆ ಎದುರಾಗಿ ಅಂತ ಇಲ್ವಲ್ಲ.

ವೈಂಡಿಂಗ್_ಅಂಗ್ಡಿ:
ಭಾನ್ವಾರ ಮುಗೀತು, ಏನಾಯ್ತು ಅಂತ ಕೇಳಿದ್ರಿ ಇಬ್ರು, ಬರೀತೀನಿ.

ಹತ್ ನಿಮ್ಷ ಅಂದಿದ್ದು ಇಪ್ಪತ್ತೆರಡಾಯ್ತು, ಅಯ್ನೋರು ಮೂರ್ ಸಲ ವಾಚು ನೋಡ್ಕಂಡ್ರು. ಚಿರತೆ ಹೇಳ್ದಾಗ ಹುಡುಗ್ರೆಲ್ಲ ನಕ್ರು. ರೂತಳ ಕಥೆ ಹೇಳಿ ಆಯ್ದಕ್ಕಿ ಲಕ್ಕಮ್ಮನ್ನೂ ಹೇಳುದ್ನಾ, ಒಬ್ರು ಹಿರೀರು ಆಮೇಲೆ ಬಂದು ಇದು ಬೈಬಲ್ಲಲ್ಲಿ ಎಲ್ಲೈತೆ ಅಂದ್ರು, ಬೈಬಲ್ಲಲ್ಲಿ ಇಲ್ಲ ತಾತ, ಬಸವಕಲ್ಯಾಣದಲ್ಲಿ ಅದೆ ಅಂದೆ. ಹಿಂದ್ಗಡೆ ಬೆಂಚಿನೋರ್ಗೆ ಮತ್ತಾಯ 20 ಹೇಳ್ದೆ, ಸಂಜೆ ಐದು ಗಂಟೆವರ್ಗೂ ನಿಂತಿದ್ರಲ್ಲ, ಬುತ್ತಿ ಕಟ್ಕಂಡು ಬಂದು ನಿಂತಿದ್ದೇ ಒಂದು ಕೆಲ್ಸ ಅಂತ. ಗಾರ್ಮೆಂಟ್ಸಿಗೆ ಹೋಗೋ ಒಂದು ಹೆಣ್ಮಗ ಕಣ್ಣೊರ್ಸ್ಕಂತು. ಅದ್ಯಾಕೆ ಅಂತ ಕೇಳಕ್ಕೆ ಹೋಗ್ನಿಲ್ಲ.

ಕಾಲ್ವೆ ವಿಷ್ಯ: ಹನ್ನೊಂದ್ರಲ್ಲಿ ಏಳು ಮನೆಯೋರು ಬಂದ್ರು. ಮೂರು ಮನೆಯೋರು ಊರಲ್ಲಿಲ್ಲ, ಬೆಂಗ್ಳೂರು, ಫೋನ್ ಮಾಡುದ್ರೆ ಕಾಸು ಹಾಕ್ತೀವಿ ಅಂದ್ರು, ಇನ್ನೂ ಹಾಕಿಲ್ಲ. ಒಬ್ರು ಊರಲ್ಲೇ ಇದ್ರೂ ಬರ್ನಿಲ್ಲ, ದಿನಾ ಬುಲೆಟ್ಟಲ್ಲಿ ಅದೇ ಬದುವಿನ ಮೇಲೆ ಹೋಯ್ತಾರೆ, ತೆಕೋವದೋರು ಅಂತ ನಾನೂ ಅಪ್ಪನೂ ಹೆಸರಿಟ್ಟಿದೀವಿ. ಹೋದ್ ವಾರ ನಾಲೆಗೆ ನೀರು ಬಿಟ್ರು. ನಮ್ ಗದ್ದೆ ಮುಟ್ಟಕ್ಕೆ ಎರಡು ದಿನ ಹಿಡೀತು, ಮೊದ್ಲು ಕಸ, ಆಮೇಲೆ ನೊರೆ, ಆಮೇಲೆ ಕೆಂಪಗೆ ನೀರು. ರಾತ್ರಿ ಹನ್ನೊಂದ್ಗೆ ಬಂತು, ಅಪ್ಪ ಟಾರ್ಚ್ ಬಿಟ್ಕಂಡು ನಿಂತ್ಕಂಡು ನೋಡ್ತಾನೇ ಇತ್ತು. ನಮ್ಮಿಂದ ಆಚೆ ಮಾತ್ರ ಇನ್ನೂ ಹೋಗಿಲ್ಲ, ಮೋರಿ ಕಟ್ಕಂಡದೆ, ಕಾಂಕ್ರೀಟ್ ಪೈಪು, ಒಳಗೆ ಕಲ್ಲು ಸಿಕ್ಕಾಕ್ಕಂಡದೆ, ಕೈ ಹೋಗಲ್ಲ. ಅದರಾಚೆ ಎರಡು ಮನೆಯೋರ ಗದ್ದೆ ಒಣಗ್ಕಂಡೇ ಅದೆ.

ಸೈಟ್_ಇಂಜಿನಿಯರ್_ಬನ್ನಿಮಂಟಪ:
ಪೈಪು ಎಷ್ಟು ಇಂಚು? ಎರಡೂ ಕಡೆಯಿಂದ ಬಿದಿರು ಗಳ ಹಾಕಿ ತಳ್ಳಿ ನೋಡಿದ್ರಾ? ಫೋಟೋ ಹಾಕಿ, ಶನಿವಾರ ಆ ಕಡೆ ಸೈಟ್ ವಿಸಿಟ್ ಇದೆ, ಬಂದು ನೋಡ್ತೀನಿ.

ವೈಂಡಿಂಗ್_ಅಂಗ್ಡಿ:
ಒಂದೂವರೆ ಅಡಿ ಪೈಪು ಸಾರ್. ಬನ್ನಿ, ಮುದ್ದೆ ಬಸ್ಸಾರು ನಮ್ದು. ಫೋಟೋ ತಗಿಯನ ಅಂತ ಈಗ ಹೋಗಿದ್ದೆ, ನನ್ ಗುದ್ಲಿ ಮನೇಲಿಲ್ಲ. ಕೇಳುದ್ರೆ ಅವ್ವ, ಬೆಳಿಗ್ಗೆನೇ ಮೋರಿಯಾಚೆ ಗದ್ದೆಯೋರ ಮಗ ಬಂದು ಇಸ್ಕಂಡೋದ ಅಂತು. ಅಲ್ಲಿಗೆ ಹೋಗ್ತಾ ಇವ್ನಿ, ಫೋಟೋ ಆಮೇಲೆ ಹಾಕ್ತೀನಿ.